ಅತ್ತೆಯ ಕತ್ತರಿಗೆ ಸಿಕ್ಕವರು

ನಮ್ಮ ಸೋದರತ್ತೆ ಮಳವಳ್ಳಿಯ ಅರ್ಧ ಜನರನ್ನು ಕತ್ತರಿಸಿ ನೇತುಹಾಕಿದ್ದರು. ಉಳಿದರ್ಧ ಜನ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದರು. ಗಾಬರಿಯಾಗಬೇಡಿ, ಕತ್ತರಿಸುತ್ತಿದ್ದದ್ದು ಕಾಗದದಲ್ಲಿ. ಆದರೆ ಹಾಗೆ ನೇತುಬಿದ್ದವರನ್ನು ಕೇಳಿದ್ದರೆ, ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂದೇ ಹೇಳುತ್ತಿದ್ದರು!

ಅತ್ತೆ ನಮ್ಮ ತಂದೆಗೆ ಅಕ್ಕ, ಹತ್ತು ವರ್ಷಕ್ಕೆ ದೊಡ್ಡವರು. ನಾನು ಹುಟ್ಟುವುದಕ್ಕೂ ಮುಂಚಿನಿಂದ ನಮ್ಮ ಮನೆಯಲ್ಲೇ ಇದ್ದರು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅಡಿಗೆಮನೆಗೆ ಅಮ್ಮ ಯಜಮಾನಿ, ಕತ್ತರಿಗೆ ಅತ್ತೆ. ಆ ಕತ್ತರಿಯಿಂದ ನಾವ್ಯಾರಾದರೂ ಒಂದು ದಾರ ತುಂಡರಿಸಿದರೂ ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಒಂದು ವಾರ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆಗೆಲ್ಲ ದಸರಾ ಬಂತೆಂದರೆ ಗೊಂಬೆ ಕೂರಿಸುವ ಪ್ರತಿ ಮನೆಯಲ್ಲೂ ಬಣ್ಣದ ಕಾಗದದ ಕೆಲಸ. ಮೆಟ್ಟಿಲುಗಳ ಅಂಚಿಗೆ ಜಾಲರಿ, ಬಾಗಿಲಿಗೆ ಮಾವಿನೆಲೆಯ ತೋರಣ, ಮಂಟಪಕ್ಕೆ ಗಿಳಿ, ಹಂಸ, ನವಿಲು. ಗೊಂಬೆ ನೋಡಲು ಬನ್ನಿ ಎಂದು ಕರೆಯುವುದಕ್ಕೆ ಅಂಗೈಯಗಲದ ಕರೆಯೋಲೆ ಬೇರೆ. ಗಟ್ಟಿ ಕಾಗದದ ಮೇಲೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ಚಿತ್ರ ಅಂಟಿಸಿ, ಒಳಗೆ 'ಸಂಜೆ ಆರತಿಗೆ ಬರಬೇಕು' ಎಂದು ಬರೆಯುವುದು. ಇವಕ್ಕೆಲ್ಲ ರಟ್ಟಿನ ಮಾದರಿಗಳಿದ್ದವು. ಮಾದರಿಗಳೆಲ್ಲ ಪೇಟೆಬೀದಿಯ ಬುಡನ್ ಸಾಬರವು. ಮೊಹರಮ್ಮಿನ ಬಾಬಯ್ಯನ ಹಬ್ಬಕ್ಕೆ ತಾಬೂತಿನ ಕಾಗದದ ಕೆಲಸ, ಮದುವೆಗಳಿಗೆ ಚಪ್ಪರದ ಕೆಲಸ, ಆಷಾಢಕ್ಕೆ ಗಾಳಿಪಟ, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ನವರಾತ್ರಿಗೆ ಹದಿನೈದು ದಿನವಿರುವಾಗ ಅವರ ರಟ್ಟುಗಳು ಮನೆಮನೆ ತಿರುಗಲು ಹೊರಡುತ್ತಿದ್ದವು. ಒಂದು ಮನೆಯವರು ಸುತ್ತ ಗೀಟೆಳೆದುಕೊಂಡು ಮುಂದಿನ ಮನೆಗೆ ದಾಟಿಸಬೇಕು. ಹೀಗಾಗಿ ಮಳವಳ್ಳಿಯ ಮನೆಗಳಲ್ಲಿ ಕೂತಿದ್ದ ಗಿಳಿಗಳೆಲ್ಲ ಒಂದೇ ತಾಯಿಯ ಮಕ್ಕಳು.

ಅತ್ತೆಗೆ ಇದು ಸರಿಬರುತ್ತಿರಲಿಲ್ಲ.

"ಎಲ್ಲರ ಮನೇಲೂ ಅದೇ ಗಿಳಿ ಕೂತ್ರೆ, ತನ್ನ ಮನೆ ಯಾವ್ದು ಅಂತ ಗಿಳೀಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳುತ್ತಿದ್ದರು.

ಅದಕ್ಕೇ ಅತ್ತೆ ತಮ್ಮ ಕೈಗೆ ಬಂದ ಗಿಳಿಗಳನ್ನು ತಿದ್ದಿ ಕಳಿಸುತ್ತಿದ್ದರು. ಪುರೋಹಿತರ ಮನೆಗೆ ಕತ್ತರಿಸಿಕೊಟ್ಟ ಗಿಳಿಗೆ ಜುಟ್ಟು. ಮೇಷ್ಟರ ಮನೆಯದಕ್ಕೆ ಕನ್ನಡಕ. ವಕೀಲರ ಮನೆಯ ಗಿಳಿ ಮಾತ್ರ ಮಾದರಿಯಲ್ಲಿದ್ದ ಹಾಗೇ ಇತ್ತು, ಬಾಯಿ ಮಾತ್ರ ಮುಚ್ಚಿರಲಿಲ್ಲ. ವಕೀಲರ ಹೆಂಡತಿ ಅದನ್ನು ನೋಡಿ ಎಷ್ಟು ನಕ್ಕರೆಂದರೆ, ವಕೀಲರು ಆ ವರ್ಷ ನಮ್ಮ ಮನೆಯ ಆರತಿಗೆ ಅವರನ್ನು ಕಳಿಸಲೇ ಇಲ್ಲ.

ಕಾಗದವನ್ನು ತಿದ್ದಿ ಸುಮ್ಮನಾಗಿದ್ದರೆ ಒಂದು ಮಾತು. ಅತ್ತೆ ರಟ್ಟನ್ನೇ ತಿದ್ದಿಬಿಡುತ್ತಿದ್ದರು. ಒಂದು ವರ್ಷ ವಿಜಯದಶಮಿಯ ಮಾರನೆಯ ದಿನ ಬುಡನ್ ಸಾಬರು ಒಂದು ರಟ್ಟು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು.

"ಅಮ್ಮಾ, ನಾವು ಕೊಟ್ಟಿದ್ದು ಹಂಸ. ವಾಪಸ್ ಬಂದಿದ್ದು ಏನು ಅಂತ ನೀವೇ ಹೇಳಿ."

"ಹಂಸಾನೇ" ಎಂದರು ಅತ್ತೆ.

"ಹಂಸದ ಹೊಟ್ಟೆ ಎಲ್ಲಿ ಹೋಯ್ತು?"

"ನಿಮ್ಮ ಹಂಸಕ್ಕೆ ಹೊಟ್ಟೆ ಜಾಸ್ತಿ ಆಗಿತ್ತು ಸಾಬರೇ. ಅದು ಈಜೋ ಹಂಸ ಅಲ್ಲ, ಮುಳುಗೋ ಹಂಸ."

ಸಾಬರು ರಟ್ಟನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಮುಂದಿನ ವರ್ಷದಿಂದ ಪ್ರತಿ ಮಾದರಿಗೂ ಅವರ ಹತ್ತಿರ ಎರಡು ರಟ್ಟು, ಒಂದು ಊರಿಗೆ, ಒಂದು ನಮ್ಮ ಅತ್ತೆಗೆ. ಅಷ್ಟೇ ಆಗಿದ್ದರೆ ಅದು ಸಾಬರ ಜಾಣತನ ಎನ್ನಬಹುದಿತ್ತು. ಆದರೆ ಆ ವರ್ಷ ಬೀದಿಯ ಮನೆಗಳಲ್ಲೆಲ್ಲ ಹೊಟ್ಟೆಯಿಲ್ಲದ ಹಂಸಗಳೇ ಕೂತಿದ್ದವು. ಸಾಬರನ್ನು ಕೇಳಿದರೆ, "ನಮ್ದೇ ಮಾದರಿ" ಎಂದು ಬೇರೆ ಕಡೆ ನೋಡಿದರು.

ಅತ್ತೆಯ ಕಣ್ಣೇ ಹಾಗೆ. ಯಾರನ್ನೇ ನೋಡಲಿ, ಅವರಲ್ಲಿ ಎದ್ದು ಕಾಣುವ ಒಂದೇ ಒಂದು ಸಂಗತಿಯ ಮೇಲೆ ಅದು ಹೋಗಿ ಕೂರುತ್ತಿತ್ತು. ನಮಗೆ ಹಾಲು ಹಾಕುತ್ತಿದ್ದ ನಿಂಗವ್ವನಲ್ಲಿ ಆ ಸಂಗತಿ ನೀರು. ಅವಳ ಹಾಲಿನಲ್ಲಿ ಹಾಲೆಷ್ಟು ನೀರೆಷ್ಟು ಎಂಬುದು ಅವಳಿಗೂ ದೇವರಿಗೂ ಮಾತ್ರ ಗೊತ್ತಿತ್ತು. ಒಂದು ದಸರಾಕ್ಕೆ ಅತ್ತೆ ಅವಳಿಗೂ ಒಂದು ಕರೆಯೋಲೆ ಮಾಡಿದರು. ಮಾದರಿಯಲ್ಲಿದ್ದದ್ದು ಎರಡು ಕೈಯಲ್ಲೂ ಕಮಲ ಹಿಡಿದ ಲಕ್ಷ್ಮಿ. ಅತ್ತೆಯ ಲಕ್ಷ್ಮಿಯ ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದು ಕೈಯಲ್ಲಿ ಬಾವಿಯ ಹಗ್ಗ!

ಮಾರನೆಯ ಬೆಳಿಗ್ಗೆ ನಿಂಗವ್ವ ಬರುವ ಹೊತ್ತಿಗೆ ಅಮ್ಮ ಹೆದರಿ ಹಿತ್ತಿಲಿಗೆ ಹೋಗಿದ್ದರು. ಬಂದವಳು ಬಾಗಿಲಲ್ಲೇ ಕೂತಳು.

"ಅವ್ವಾ, ನಿನ್ ಕೈಗೆ ಏನ್ ಕೊಟ್ರೂ ಸಾಲ್ದು ಕಣವ್ವ. ನಮ್ಮೆಜಮಾನ ಒಸಾ ಬಾವಿ ತೆಗ್ಸಿದ್ದು ನಿಂಗೆ ಯಾರೇಳಿದ್ರು? ನಮ್ಮಟ್ಟಿ ಬಾಗ್ಲಿಗೇ ಅಂಟಾಕಿವ್ನಿ. ಅಳ್ಳಿಗೆ ಅಳ್ಳೀನೇ ಬಂದು ನೋಡ್ಕಂಡು ಓಯ್ತಾ ಅವ್ರೆ. ನೋಡ್ದೋರೆಲ್ಲ ನಗ್ತಾರೆ ಕಣವ್ವ, ಅಷ್ಟು ಸಂತೋಸ ಅವ್ರ್ಗೆ."

ಆ ದಿನದಿಂದ ನಮ್ಮ ಮನೆಗೆ ಗಟ್ಟಿ ಹಾಲು. ಉಳಿದವರಿಗೆ ಹೊಸ ಬಾವಿಯ ಹಾಲು.

ಈಗ ಅಪ್ಪನ ಕಚೇರಿಗೆ ದೊಡ್ಡವರಾದ ಅಮಲ್ದಾರರ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ನಮ್ಮ ತಂದೆಯವರು ಕೊನೆಯವರೆಗೂ ಬೆವರುತ್ತಿದ್ದರು. ಆ ವರ್ಷ ದಸರಾಕ್ಕೆ ಕಚೇರಿಯ ಮುಂದೆ ಹಾಕಿದ್ದ ಚಪ್ಪರದ ಅಲಂಕಾರ ಅಪ್ಪನ ಪಾಲಿಗೆ ಬಂತು. ಅಪ್ಪ ಅತ್ತೆಯನ್ನು ನಂಬಿದರು. ತೆಳು ಗಾಳಿಪಟದ ಕಾಗದವನ್ನು ಬೀಸಣಿಗೆಯ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ಮೇಲಿನ ಮಡಿಕೆಯಲ್ಲಿ ಒಬ್ಬನೇ ಒಬ್ಬ ದ್ವಾರಪಾಲಕನನ್ನು ಕತ್ತರಿಸಿದರೆ ಸಾಕು. ಬಿಡಿಸಿ ಹಿಡಿದಾಗ ಕೈ ಕೈ ಹಿಡಿದ ದ್ವಾರಪಾಲಕರ ಸಾಲೇ ಹೊರಬರುತ್ತದೆ. ಮಾದರಿಯ ದ್ವಾರಪಾಲಕ ಕಿರೀಟ ಇಟ್ಟು ಗದೆ ಹಿಡಿದಿದ್ದ. ಅತ್ತೆ ನೋಡಿದರು. ಕಚೇರಿಗೆ ಈ ಕಿರೀಟದವನು ಯಾಕೆ ಎನಿಸಿರಬೇಕು.

ಬೆಳಿಗ್ಗೆ ಅಪ್ಪ ಸುರುಳಿ ಸುತ್ತಿದ್ದ ಕಾಗದವನ್ನು ಜವಾನರ ಕೈಗೆ ಕೊಟ್ಟು ಪೂಜೆಯ ಗಡಿಬಿಡಿಯಲ್ಲಿ ಸೇರಿಕೊಂಡರು. ಜವಾನರು ಬಿಡಿಸಿ ಚಪ್ಪರದ ಸುತ್ತ ಕಟ್ಟಿದರು. ಅಮಲ್ದಾರರು ಸಂಸಾರ ಸಮೇತ ಬಂದು ಇಳಿದಾಗ ಅಪ್ಪ ಕೈ ಮುಗಿದುಕೊಂಡು ತಲೆಯೆತ್ತಿ ನೋಡುತ್ತಾರೆ, ಚಪ್ಪರದ ಸುತ್ತ ಅರವತ್ತು ಮಂದಿ ಅಮಲ್ದಾರರು! ಅದೇ ಪೇಟ, ಅದೇ ಬೆತ್ತ, ಕೋಟಿನ ಗುಂಡಿಯನ್ನು ಮುಂದಕ್ಕೆ ನೂಕಿಕೊಂಡು ಬಂದಿದ್ದ ಅದೇ ಹೊಟ್ಟೆ. ಎಲ್ಲರೂ ಕೈ ಕೈ ಹಿಡಿದುಕೊಂಡು ಗಾಳಿಗೆ ಕುಣಿಯುತ್ತಿದ್ದರು.

ಅಮಲ್ದಾರರು ಬೆತ್ತ ಊರಿ ನಿಂತು ಬಹಳ ಹೊತ್ತು ನೋಡಿದರು.

"ಇವರೆಲ್ಲಾ ಯಾರು?"

"ದ್ವಾರಪಾಲಕರು ಸ್ವಾಮಿ."

"ಎಲ್ಲೋ ನೋಡಿದ ಹಾಗಿದೆಯಲ್ಲ."

ಅಷ್ಟರಲ್ಲಿ ಅಮಲ್ದಾರರ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಇದನ್ನ ಯಾರು ಮಾಡಿದ್ದು? ನಮ್ಮನೆ ಗೊಂಬೆ ಮೆಟ್ಟಿಲಿಗೆ ಒಂದು ನಾಲ್ಕು ಬೇಕಿತ್ತು" ಎಂದರು. ಅಪ್ಪನ ಕೆಲಸ ಉಳಿಯಿತು. ಅಪ್ಪ ಎಂಟು ದಿನ ಅತ್ತೆಯ ಜೊತೆ ಮಾತು ಬಿಟ್ಟರು. ಅತ್ತೆಗೆ ಅದು ಗೊತ್ತಾದದ್ದು ಒಂಬತ್ತನೆಯ ದಿನ, ಅಪ್ಪ ಮತ್ತೆ ಮಾತಾಡಿಸಿದಾಗ.

ಅಷ್ಟು ಹೊತ್ತಿಗೆ ಎರಡನೆಯ ಮಹಾಯುದ್ಧ ಬಂದು ಕಾಗದ ಸಿಗದಾಯಿತು. ಬುಡನ್ ಸಾಬರ ಅಂಗಡಿಯಲ್ಲಿ ಬಣ್ಣದ ಕಾಗದ ಇಡುತ್ತಿದ್ದ ಗೂಡು ಬರಿದಾಯಿತು. ಬೇರೆ ಮನೆಯವರು ಹಳೆಯ ತೋರಣವನ್ನೇ ಒರೆಸಿ ಕಟ್ಟಿದರು. ಅತ್ತೆ ಮನೆಯಲ್ಲಿದ್ದ ಕಾಗದದ ಮೇಲೆ ಕಣ್ಣು ಹಾಕಿದರು. ಹೋದ ವರ್ಷದ ಪಂಚಾಂಗ, ಔಷಧದ ಪೊಟ್ಟಣ, ಅಪ್ಪನ ಹಳೆಯ ಲಕೋಟೆ, ಏನು ಸಿಕ್ಕರೂ ಅರಿಸಿನದಲ್ಲಿ ಅದ್ದಿದರೆ ಹಳದಿ, ಅದಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಬಟ್ಟೆಯ ನೀಲಿಯಲ್ಲಿ ಅದ್ದಿದರೆ ನೀಲಿ. ಒಂದು ದಿನ ಅಮ್ಮ ಮಂಟಪದ ಮೇಲಿನ ನವಿಲನ್ನು ದಿಟ್ಟಿಸಿ ನೋಡಿ ಹಣೆ ಚಚ್ಚಿಕೊಂಡರು. ಅದು ನನ್ನ ಜಾತಕ! ಬಾಲದಲ್ಲಿ ಗುರು, ಕೊಕ್ಕಿನಲ್ಲಿ ಶನಿ. ಕುಜ ಎಲ್ಲಿದ್ದನೋ, ಹುಡುಕಿದರೂ ಸಿಗಲಿಲ್ಲ.

"ಕುಜನ್ನ ತೆಗೆದುಬಿಟ್ಟೆ. ಅಲ್ಲೊಂದು ತೂತು ಬೇಕಾಗಿತ್ತು" ಎಂದರು ಅತ್ತೆ.

ಆದರೆ ನನ್ನ ಮದುವೆಗೆ ಅಡ್ಡ ಬಂದದ್ದು ಕುಜನಲ್ಲ, ನನ್ನ ಕಾಲು. ಎರಡು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ಬಲಗಾಲಿಗಿಂತ ಅದು ಎರಡು ಬೆರಳಿನಷ್ಟು ಗಿಡ್ಡ. ಕೂತರೆ ಯಾರಿಗೂ ತಿಳಿಯದು, ನಡೆದರೆ ಎಲ್ಲರಿಗೂ ತಿಳಿಯುತ್ತದೆ. ಮೊದಲು ಚಿಕ್ಕರಸಿನಕೆರೆಯ ಕಡೆಯವರೊಬ್ಬರು ನೋಡಲು ಬಂದರು. ಹುಡುಗಿ ಲಕ್ಷಣವಾಗಿದಾಳೆ, ಒಂದು ಲೋಟ ನೀರು ತರಲಿ ಎಂದರು. ತಂದುಕೊಟ್ಟೆ. ನೀರು ಕುಡಿದು ಹೋದವರು ಪತ್ರ ಬರೆಯಲಿಲ್ಲ. ಎರಡನೆಯವರು ನೀರನ್ನೂ ಕುಡಿಯಲಿಲ್ಲ.

ಮೂರನೆಯವರು ಮದ್ದೂರಿನವರು. ಹುಡುಗ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವುದು. ನಡುವಿನ ಹನಕೆರೆಯಲ್ಲಿ ರೈಲು ಎಷ್ಟು ಹೊತ್ತು ನಿಂತರೂ ಗೊಣಗುವವನಲ್ಲವಂತೆ, ಅಷ್ಟು ಸಾಧು. ತಂದೆ ತೀರಿಹೋಗಿದ್ದರಿಂದ ಮನೆಯ ಮಾತೆಲ್ಲ ತಾಯಿಯದೇ. ದಸರಾಕ್ಕೆ ಗೊಂಬೆ ನೋಡುವ ನೆಪದಲ್ಲಿ ಬಂದು ಹೆಣ್ಣು ನೋಡುವುದೆಂದು ಮಾತಾಯಿತು.

ಈ ಸಲ ಅಪ್ಪ ಅಮ್ಮ ಒಂದು ಏರ್ಪಾಡು ಮಾಡಿದರು.

"ಅವರು ಬರೋ ಹೊತ್ತಿಗೆ ಗೊಂಬೆ ಪಕ್ಕದಲ್ಲಿ ಮಣೆ ಮೇಲೆ ಕೂತಿರು. ನೆರಿಗೆ ಕಾಲು ಮುಚ್ಚಿರಲಿ. ಹಾಡು ಅಂದ್ರೆ ಹಾಡು. ಅವರು ಹೊರಡೋವರೆಗೂ ಏಳಬೇಡ" ಎಂದರು ಅಮ್ಮ.

"ತಾಳಿ ಒಂದು ಬಿದ್ದರೆ ಆಮೇಲೆ ಎಲ್ಲಾ ಸರಿಹೋಗುತ್ತೆ" ಎಂದರು ಅಪ್ಪ.

ನಿಜ ಹೇಳುತ್ತೇನೆ, ನಾನೂ ಒಪ್ಪಿದ್ದೆ. ಮೂರನೆಯ ಸಲವೂ ಎದ್ದು ನಡೆದು ತೋರಿಸುವ ಧೈರ್ಯ ನನಗಿರಲಿಲ್ಲ. ನನಗೆ ಹದಿನೇಳು ತುಂಬಿತ್ತು. ಇವರೂ ಎದ್ದು ಹೋದರೆ ಇನ್ನು ಯಾರೂ ಬರುವುದಿಲ್ಲ ಎಂದು ಬೀದಿಯವರು ನನಗೆ ಕೇಳಿಸುವ ಹಾಗೆಯೇ ಮಾತಾಡುತ್ತಿದ್ದರು.

ಮದ್ದೂರಿಗೆ ಕಳಿಸುವ ಕರೆಯೋಲೆಯನ್ನು ಅತ್ತೆಯೇ ಮಾಡಬೇಕಿತ್ತು, ಬೇರೆ ಯಾರಿಗೆ ಬರುತ್ತದೆ? ಸಾಬರ ಹತ್ತಿರ ದೀಪ ಹಿಡಿದು ನಿಂತ ಹೆಣ್ಣಿನ ಮಾದರಿ ಇತ್ತು. ಅಪ್ಪ ಅತ್ತೆಯ ಎದುರು ಕೂತು ಕೈ ಜೋಡಿಸಿದರು.

"ಅಕ್ಕಾ, ಇದೊಂದು ಸಲ ಮಾದರಿ ಹೇಗಿದೆಯೋ ಹಾಗೇ ಕತ್ತರಿಸು. ಏನೂ ಸೇರಿಸಬೇಡ."

"ಏನೂ ಸೇರಿಸಲ್ಲ ಬಿಡು."

ಅತ್ತೆ ಮಾತಿಗೆ ತಪ್ಪುವವರಲ್ಲ. ಏನೂ ಸೇರಿಸಲಿಲ್ಲ, ತೆಗೆದರು. ಎಡಗಾಲಿನಿಂದ ಒಂದು ಅಕ್ಕಿಕಾಳಿನಷ್ಟು.

ನಮಗೆ ಅದು ತಿಳಿದದ್ದು ಕರೆಯೋಲೆ ಕೈ ದಾಟಿದ ಮೇಲೆ. ಮದ್ದೂರಿಗೆ ಹೊರಟಿದ್ದ ಬುಡನ್ ಸಾಬರು ಬೆಳಗಿನ ಬಸ್ಸಿಗೆ ಅದನ್ನು ತೆಗೆದುಕೊಂಡು ಹೋಗಿಯಾಗಿತ್ತು. ಅತ್ತೆ ಅದರದೇ ಇನ್ನೊಂದು ಚಿತ್ರವನ್ನು ಗೊಂಬೆಯ ಮೆಟ್ಟಿಲಿಗೆ ಅಂಟಿಸಿದ್ದರು. ಅಮ್ಮ ಪಟ್ಟದ ಗೊಂಬೆಗಳನ್ನು ಇಡಲು ಹೋದವರು ಅದನ್ನು ಕಂಡು ಅಪ್ಪನನ್ನು ಕೂಗಿದರು. ನಾನೂ ನೋಡಿದೆ. ದೀಪ ಹಿಡಿದ ಆ ಹೆಣ್ಣು ನಾನೇ. ಎಡಗಾಲು ಗಿಡ್ಡ, ಆ ಕಡೆ ಸೊಂಟ ಸ್ವಲ್ಪ ವಾಲಿದೆ, ಸೀರೆಯ ಅಂಚು ಬಲಗಡೆ ಒಂದಿಷ್ಟು ಮೇಲೆ ಎದ್ದಿದೆ. ನನ್ನ ನಡಿಗೆಯನ್ನು ಅಷ್ಟು ಸರಿಯಾಗಿ ನಾನೂ ನೋಡಿರಲಿಲ್ಲ. ಇಂಥ ಚಿತ್ರವನ್ನು ಯಾವಾಗಲೂ ಕಾಗದವನ್ನು ನಡುವೆ ಮಡಿಸಿ ಕತ್ತರಿಸುತ್ತಾರೆ, ಆಗ ಎರಡು ಕಾಲೂ ತಾವಾಗಿಯೇ ಸಮ ಬರುತ್ತವೆ. ಅತ್ತೆ ಮಡಿಸಿಯೇ ಇರಲಿಲ್ಲ. ಕೈ ತಪ್ಪಿತು ಎಂದುಕೊಳ್ಳುವುದಕ್ಕೂ ದಾರಿಯಿಲ್ಲ.

ಅಪ್ಪ ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಊರವರನ್ನೆಲ್ಲ ಆಡಿಕೊಂಡದ್ದು ಸಾಲದಾಯ್ತಾ ನಿಂಗೆ? ಮನೆ ಮಗಳ ಬದುಕೂ ಆಟವಾ?" ಎಂದರು.

ಅತ್ತೆ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

"ನನ್ನ ಬೆನ್ನ ಮೇಲೆ ಬಿಳೀ ಮಚ್ಚೆ ಇತ್ತು. ನಮ್ಮಪ್ಪ ಅದನ್ನ ಹೇಳಲಿಲ್ಲ. ತಾಳಿ ಬಿದ್ದ ಮೇಲೆ ಸರಿಹೋಗುತ್ತೆ ಅಂತ ಹಲಗೂರಿಗೆ ಕೊಟ್ಟರು. ಮೂರು ತಿಂಗಳಿಗೆ ಟ್ರಂಕಿನ ಜೊತೆ ಗಾಡಿ ಹತ್ತಿಸಿ ಕಳಿಸಿದ್ರು ಕಣೋ. ನಾನು ಬಂದಾಗ ಬಾಗಿಲು ತೆಗೆದದ್ದು ನೀನೇ. ನಿಂಗಾಗ ಐದು ವರ್ಷ. ಅಕ್ಕ ಬಂದ್ಲು, ಅಕ್ಕ ಬಂದ್ಲು ಅಂತ ಕುಣಿದೆ."

ಅಪ್ಪ ಅತ್ತೆಯ ಪಕ್ಕದಲ್ಲಿ ಕೂತರು. ಮೆಲ್ಲಗೆ, "ಅವರು ಬರದೇ ಹೋದ್ರೆ ಅಕ್ಕಾ?" ಎಂದರು.

"ಬರದೇ ಹೋದ್ರೆ ಇಲ್ಲೇ ಇರ್ತಾಳೆ. ಹೋಗಿ ವಾಪಸ್ಸು ಬರೋದಕ್ಕಿಂತ ಹೋಗದೇ ಇರೋದು ವಾಸಿ."

ಇದನ್ನೆಲ್ಲ ಕೇಳಿಯೂ ನನ್ನ ಸಿಟ್ಟು ಇಳಿಯಲಿಲ್ಲ. ಅವರಿಗೆ ಆದದ್ದು ಅವರಿಗೆ, ನನ್ನ ಅದೃಷ್ಟಕ್ಕೆ ಕತ್ತರಿ ಹಾಕಲು ಇವರು ಯಾರು ಎಂದುಕೊಂಡೆ. ನಾಲ್ಕು ದಿನ ಅವರ ಮುಖ ನೋಡಲಿಲ್ಲ. ನನ್ನ ಮೌನವನ್ನು ಮಾತ್ರ ಅವರು ಮೊದಲ ದಿನವೇ ಗಮನಿಸಿದ್ದರು. ತಟ್ಟೆ ತಂದಿಟ್ಟು ಸುಮ್ಮನೆ ಹೋಗುತ್ತಿದ್ದರು.

ವಿಜಯದಶಮಿಯ ಮಧ್ಯಾಹ್ನ ನಾನು ಮಣೆಯ ಮೇಲೆ ಕೂತೆ. ಬರುವ ಹೊತ್ತು ಮೀರಿತು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಪ್ಪ ಜಗಲಿಯಿಂದ ಒಳಗೆ ಬಂದು ಪೇಟ ತೆಗೆದಿಟ್ಟರು. ಆಗ ಬಾಗಿಲಲ್ಲಿ ದನಿ ಕೇಳಿಸಿತು. ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಮೂರು ಕಡೆ ನಿಂತಿತ್ತಂತೆ. ಗಂಡು ಬಸ್ಸು ತಳ್ಳಿಕೊಂಡೇ ಹೆಣ್ಣು ನೋಡಲು ಬಂದಿದ್ದ. ಹಣೆಯ ಮೇಲೆ, ಮೂಗಿನ ಮೇಲೆ ಮಸಿ. ತಾಯಿಯದು ದೊಡ್ಡ ಮೈಕಟ್ಟು, ಮಾತು ಇನ್ನೂ ದೊಡ್ಡದು. ಅವರು ಕೂರಲೂ ಇಲ್ಲ, ಚೀಲದಿಂದ ಕರೆಯೋಲೆ ತೆಗೆದರು.

"ಇದನ್ನ ಕತ್ತರಿಸಿದೋರು ಯಾರು?"

"ನಮ್ಮಕ್ಕ. ಅವಳು ಸ್ವಲ್ಪ..." ಎಂದು ಅಪ್ಪ ತಡವರಿಸಿದರು.

"ಎದ್ದೇಳಮ್ಮಾ, ನಡಿ ನೋಡೋಣ" ಎಂದರು ಅವರು ನನಗೆ.

ಎದ್ದೆ. ಗೊಂಬೆಗಳ ಹತ್ತಿರದಿಂದ ಬಾಗಿಲವರೆಗೆ ನಡೆದು ವಾಪಸ್ಸು ಬಂದೆ. ಅಷ್ಟು ಉದ್ದದ ಹಜಾರ ನಮ್ಮ ಮನೆಯಲ್ಲಿತ್ತೆಂದು ನನಗೆ ಆವತ್ತೇ ಗೊತ್ತಾದದ್ದು. ಆಕೆ ಒಂದು ಕಣ್ಣು ಮುಚ್ಚಿ ಚಿತ್ರವನ್ನೂ ನನ್ನನ್ನೂ ಹೋಲಿಸಿ ನೋಡಿದರು.

"ಚಿತ್ರದಲ್ಲಿ ಇದ್ದಷ್ಟೇ ಇದೆ, ಜಾಸ್ತಿ ಏನಿಲ್ಲ. ದೊಡ್ಡ ಮಗನಿಗೆ ಹೆಣ್ಣು ತಂದಾಗ ವಯಸ್ಸಲ್ಲೂ ಸುಳ್ಳು, ಜಾತಕದಲ್ಲೂ ಸುಳ್ಳು. ಇಲ್ಲಿ ಕಾಲಿನ ಅಳತೇನೇ ಬರೆದು ಕಳಿಸಿದಾರೆ. ಇಂಥ ಮನೆಯೋರು ಇನ್ನೇನು ಮುಚ್ಚಿಡ್ತಾರೆ? ಇವನನ್ನ ಕೇಳಿದೆ, ಹೋಗೋಣ ಅಂದ. ಎಲ್ಲಿ ನಿಮ್ಮಕ್ಕ, ಕರೀರಿ. ನಂದೂ ಒಂದು ಕತ್ತರಿಸಿ ಕೊಡಲಿ."

ಶುಭಕಾರ್ಯದ ಮಾತಾಡುವಾಗ ಅತ್ತೆ ಯಾವತ್ತೂ ಮುಂದೆ ಬರುತ್ತಿರಲಿಲ್ಲ. ಆವತ್ತು ಅಪ್ಪನೇ ಒಳಗೆ ಹೋಗಿ ಕೈ ಹಿಡಿದು ಕರೆತಂದರು. ಅತ್ತೆ ಆಕೆಯನ್ನೊಮ್ಮೆ ನೋಡಿ ಕತ್ತರಿ ತೆಗೆದುಕೊಂಡರು. ಚಿತ್ರ ಮುಗಿಯುವ ಹೊತ್ತಿಗೆ ಅಮ್ಮ ಕಣ್ಣು ಮುಚ್ಚಿಕೊಂಡಿದ್ದರು, ಅದರಲ್ಲಿ ಒಂದರ ಕೆಳಗೊಂದು ಗಲ್ಲ ಎರಡಿತ್ತು! ಆಕೆ ಕೈಗೆ ತೆಗೆದುಕೊಂಡು ನೋಡಿ, "ನಂಗೆ ಮೂರಿದೆಯಲ್ಲಾ, ಇನ್ನೊಂದೆಲ್ಲಿ?" ಎಂದರು. ಗಂಡು ಮಸಿಮುಖದಲ್ಲೇ ನಕ್ಕ. ನನಗೂ ನಗು ಬಂತು. ಮದುವೆ ನಿಶ್ಚಯವಾದದ್ದು ಹಾಗೆ.

ಮಾಘದಲ್ಲಿ ಮದುವೆಯಾಯಿತು. ಮದ್ದೂರಿಗೆ ಹೊರಡುವ ದಿನ ಎಲ್ಲರಿಗೂ ನಮಸ್ಕರಿಸಿ ಕೊನೆಗೆ ಅತ್ತೆಯನ್ನು ಹುಡುಕಿದೆ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ನಾಲ್ಕು ದಿನ ಮಾತು ಬಿಟ್ಟದ್ದಕ್ಕೆ ಕ್ಷಮಿಸಿ ಎನ್ನಬೇಕೆಂದುಕೊಂಡಿದ್ದೆ, ಅಳು ಬಂದು ಆಗಲಿಲ್ಲ. ಅವರು ನನ್ನ ಗಲ್ಲ ಹಿಡಿದೆತ್ತಿ, "ಹಬ್ಬಕ್ಕೆ ಬಾ. ವಾಪಸ್ಸು ಬರಬೇಡ" ಎಂದರು.

ಅವರಿರುವವರೆಗೂ ಪ್ರತಿ ದಸರಾಕ್ಕೂ ಹೋದೆ. ಬೇರೆ ತವರುಮನೆಗಳಲ್ಲಿ ಮಗಳು ಬಂದರೆ ಚೆನ್ನಾಗಿದ್ದೀಯಾ ಎಂದು ಕೇಳುತ್ತಾರೆ. ನಮ್ಮ ಅತ್ತೆ ನನ್ನ ಕೈಯಿಂದ ಟ್ರಂಕು ತೆಗೆದುಕೊಳ್ಳುವುದಕ್ಕೂ ಮುಂಚೆ, "ಯಾವತ್ತು ಹೊರಡ್ತೀಯಾ?" ಎಂದು ಕೇಳುತ್ತಿದ್ದರು. ನಾನು ದಿನ ಹೇಳುವವರೆಗೂ ಅವರ ಮುಖದಲ್ಲಿ ರಕ್ತ ಇರುತ್ತಿರಲಿಲ್ಲ. ಅದಕ್ಕೇ ನಾನು ಜಗಲಿ ಹತ್ತುವ ಮೊದಲೇ, ಬೀದಿಯಿಂದಲೇ ಕೂಗಿ ಹೇಳುತ್ತಿದ್ದೆ: "ಅತ್ತೇ, ದಶಮಿ ಮಾರನೇ ದಿನ ಹೊರಡ್ತೀನಿ."